ಬಿಟ್ಟ ಜಾಗ

ಕುತಾಯಿಸಿಯ ಬಿಳಿ ಸೇತುವೆಯಿಂದ ಮೂರನೇ ಓಣಿ,
ಹಲ್ಲಿನ ಡಾಕ್ಟರ ಮೇಲಿನ ಮಹಡಿ.
ಬಾಗಿಲಿಗೆ ಬೋರ್ಡಿಲ್ಲ. ಬರೆದಿದ್ದೆ,
ಎಲ್ಲಿಟ್ಟೆನೋ.

ನನ್ನ ಮೇಜು ನೋಡಿದವರು ಮೊದಲು ನಗುತ್ತಾರೆ,
ಆಮೇಲೆ ಮುಂಗಡ ಕೊಡಲು ಹಿಂದೆಮುಂದೆ ನೋಡುತ್ತಾರೆ.
ಚಹಾ ಲೋಟದಲ್ಲಿ ಪೆನ್ಸಿಲ್ಲಿನ ಹೊಟ್ಟು,
ಪೆನ್ಸಿಲ್ಲಿನ ಡಬ್ಬಿಯಲ್ಲಿ ಸಕ್ಕರೆ.
ನೂರಿಪ್ಪತ್ತು ಬಣ್ಣದ ಪೆಟ್ಟಿಗೆಯಲ್ಲಿ ಉಳಿದದ್ದು
ಎಪ್ಪತ್ತೋ ಎಂಬತ್ತೋ; ಎಣಿಸಲು ಕೂತರೆ
ಮಂಚದಡಿಯಿಂದ ಇನ್ನೆರಡು ಉರುಳಿ ಬಂದು
ಲೆಕ್ಕ ತಪ್ಪುತ್ತದೆ.
ಮೈಬಣ್ಣಕ್ಕೆ ಬೇಕಾದ ಮಣ್ಣುಹಳದಿ
ಕಿರುಬೆರಳಿನ ಉಗುರಷ್ಟಾಗಿದೆ.
ಹಳೆಯ ಪೆನ್ನಿನ ಕೊಳವೆಗೆ ಸಿಕ್ಕಿಸಿದರೆ
ಇನ್ನು ನಾಲ್ಕು ಮುಖಕ್ಕೆ ಬಂದೀತು,
ಜಿಪುಣತನ ಮಾಡಿದರೆ ಐದು.

ಅವರು ಐದೇ ಜನ.
ಅಕ್ಟೋಬರಿನಲ್ಲಿ ನಾಜಿಬ್ರೋಲಾ ಅಜ್ಜಿ ಬಂದಳು,
ಕೈಚೀಲದ ತುಂಬ ಪರ್ಸಿಮನ್ ಹಣ್ಣು, ಮೇಲೊಂದು ಲಕೋಟೆ.
ಮಗ, ಸೊಸೆ, ಮೊಮ್ಮಕ್ಕಳಿಬ್ಬರು, ತಾನು:
'ಎಲ್ಲರೂ ಒಂದೇ ಹಾಳೆಯಲ್ಲಿರಬೇಕು. ಹೊಸವರ್ಷದೊಳಗೆ.'
ಐವರೂ ಕೂಡಿದ ಫೋಟೋ ಒಂದೂ ಇರಲಿಲ್ಲ.
ಸೊಸೆ ಎತೇರಿ ಇಟಲಿಯ ಬಾರಿ ಊರಿನಲ್ಲಿ,
ಯಾರದೋ ತಾಯಿಗೆ ಮೀಯಿಸಿ ಉಣಿಸುತ್ತ ಆರು ವರ್ಷ.
ಹೂಂ ಅಂದೆ.
ನಾನು ಯಾವಾಗಲೂ ಹೂಂ ಅನ್ನುತ್ತೇನೆ.

ಒತಿಯಾನ ಮೀಸೆ ನವೆಂಬರಿನಲ್ಲಿ ಮುಗಿಯಿತು.
(ಮೊದಲು ನೇರಳೆ, ಮೇಲೆ ಕಂದು, ಕಡೆಗೆ ಕಪ್ಪು;
ಬರೀ ಕಪ್ಪು ಹಚ್ಚಿದರೆ ಅಂಟಿಸಿದ ಮೀಸೆ.)
ಅಜ್ಜಿಯ ಶಾಲು ಒಂದು ವಾರ ತಿಂದಿತು.
ತೆಕ್ಲಾಳ ಜಡೆಯ ಮೇಲೆ ಹುಳಿಪ್ಲಮ್ಮಿನ ಗೊಜ್ಜು ಹನಿದು
ಅಲ್ಲೊಂದು ಕೆಂಪು ಕ್ಲಿಪ್ಪು ಹುಟ್ಟಿತು.
ಎತೇರಿಯ ಜಾಗ ಬಿಟ್ಟಿದ್ದೆ,
ನಡುವೆ, ಕುರ್ಚಿಯನ್ನಷ್ಟೇ ಬರೆದು.
ಅವಳ ಫೋಟೋ ಇದ್ದ ಲಕೋಟೆಯನ್ನು
ಕಳೆಯಬಾರದೆಂದು ಭದ್ರವಾಗಿಟ್ಟಿದ್ದೆ.
ಕಳೆದುಹೋಗಿತ್ತು.

ಹೊಸವರ್ಷ ಬಂತು, ಹೋಯಿತು.
ಜ್ವರ ಅಂದೆ. ತ್ಬಿಲಿಸಿಯಿಂದ ಕಾಗದ ಬಂದಿಲ್ಲ ಅಂದೆ.
ಓಣಿಯ ತಿರುವಿನಲ್ಲಿ ಅಜ್ಜಿ ಕಂಡರೆ ಕೆಳಗಿಳಿದು
ಡಾಕ್ಟರ ರೋಗಿಗಳ ಸಾಲಿನಲ್ಲಿ ದವಡೆ ಹಿಡಿದು ಕೂತೆ.
ಅಷ್ಟರಲ್ಲಿ ಗೇಲಾನಿಗೆ ಮುಂದಿನ ಹಲ್ಲು ಬಂತು;
ಹಾಳೆಯಲ್ಲಿ ಇನ್ನೂ ಬೊಚ್ಚು.

ಈಸ್ಟರಿಗೆ ಮೂರು ದಿನವಿದ್ದಾಗ ಬಾಗಿಲು ತಟ್ಟಿದ್ದು
ಎತೇರಿ. ಹನ್ನೊಂದು ದಿನದ ರಜೆ.
ಮುಚ್ಚಲು ಬಟ್ಟೆ ಹುಡುಕುವಷ್ಟರಲ್ಲಿ ನೋಡಿಯೇ ಬಿಟ್ಟಳು:
ನಾಲ್ಕು ಜನ, ನಡುವೆ ಕುರ್ಚಿ, ಕುರ್ಚಿಯಲ್ಲಿ ಬಿಳಿ.
ಬಹಳ ಹೊತ್ತು ಏನೂ ಅನ್ನಲಿಲ್ಲ.
'ಹೀಗೆ ಕಾಣುತ್ತದಾ,' ಅಂದಳು ಆಮೇಲೆ.
'ಫೋನಿನಲ್ಲಾದರೆ ಮೂಲೆಯಲ್ಲಿ ನನ್ನದೂ ಒಂದು ಮುಖ ಇರುತ್ತದೆ.'

ಪತ್ರಿಕೆ, ಕಾಲುಚೀಲ, ಬೆಕ್ಕು ಎಲ್ಲ ಇಳಿಸಿ
ಕುರ್ಚಿಯಲ್ಲಿ ಕೂರಿಸಿದೆ.
ಗಲ್ಲ ಸ್ವಲ್ಪ ಎತ್ತಿ ಅಂದೆ. ಎತ್ತಿದಳು.
ಮಣ್ಣುಹಳದಿ ಹುಡುಕಿ ತಿರುಗಿದರೆ
ನಿದ್ದೆ ಹೋಗಿದ್ದಾಳೆ,
ಕೂತಲ್ಲೇ, ಕೈ ಮಡಿಲಲ್ಲಿಟ್ಟು,
ಒಂದು ಕಿವಿಯನ್ನು ಯಾವುದೋ ಮುದುಕಿಯ ಕರೆಗಂಟೆಗೆ
ತೆರೆದಿಟ್ಟವರ ನಿದ್ದೆ.

ಎಬ್ಬಿಸಲಿಲ್ಲ.
ಕಣ್ಣಿಗೆ ಬೇಕಾದ ಹಸಿರು ಹೇಗೂ ಸಿಕ್ಕಿರಲಿಲ್ಲ.
ರೆಪ್ಪೆಗೆ ಗುಲಾಬಿ, ಮೇಲೆ ಉಸಿರಷ್ಟು ನೀಲಿ.
ಸಾಬೂನು ತಿಂದ ಗೆಣ್ಣುಗಳಿಗೆ ಕೆಂಪೊತ್ತಿ, ಬಿಳಿಯಲ್ಲಿ ತಿಕ್ಕಿದೆ.
ಬೈತಲೆಯ ನರೆಗೆ ಬಣ್ಣ ಹಾಕದೆ
ಹಾಳೆಯನ್ನೇ ಬಿಟ್ಟೆ.
ಬಲಗೆನ್ನೆಯ ಅರ್ಧದಲ್ಲಿ ಮಣ್ಣುಹಳದಿ ಮುಗಿದು
ಬರೀ ಕೊಳವೆ ಕಾಗದವನ್ನು ಗೀರಿತು.
ಆ ಗೀರು ಈಗಲೂ ಇದೆ.

ಅಜ್ಜಿಗೆ ಸಿಟ್ಟು ಬಂತು:
'ನಾಲ್ವರು ಮದುವೆಗೆ ನಿಂತ ಹಾಗಿದ್ದಾರೆ,
ಇವಳೊಬ್ಬಳು ರಾತ್ರಿ ಬಸ್ಸು ಹತ್ತಿದ ಹಾಗೆ!'
ಅರ್ಧ ದುಡ್ಡು ಕೊಟ್ಟಳು.
ತೆಕ್ಲಾ ಕೆಂಪು ಕ್ಲಿಪ್ಪು ತನ್ನದಲ್ಲ ಅಂದಳು.
ಗೇಲಾ ಹಾಳೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿ
ಅಜ್ಜಿಯತ್ತ ತಿರುಗಿ, ಬಾಯಿಗೆ ಬೆರಳಿಟ್ಟ:
ಶ್‌ಶ್.

ಜೂನಿನಲ್ಲಿ, ಜೋಳದ ಹಿಟ್ಟಿನ ಡಬ್ಬಿಯಲ್ಲಿ,
ಲಕೋಟೆ ಸಿಕ್ಕಿತು.
ಯಾರದೋ ಅಡುಗೆಮನೆಯಲ್ಲಿ ಎತೇರಿ ನಿಂತು ನಗುತ್ತಿದ್ದಾಳೆ.
ಕಣ್ಣು ಕಂದು. ನಾನು ಹಸಿರೆಂದುಕೊಂಡಿದ್ದೆ.
ಹಿಟ್ಟು ಒರೆಸಿದೆ.
ಈ ಸಲ ಕಳೆಯಕೂಡದೆಂದು
ಬಹಳ ಭದ್ರವಾದ ಕಡೆ
ಇಟ್ಟಿದ್ದೇನೆ.