ಹೃದಯದ ಗುರುತಿಲ್ಲದವನು

ಕೌಲ್‌ಬಜಾರಿನಲ್ಲಿ ಹಗಲೆಲ್ಲ ಜೀನ್ಸಿಗೆ ಗುಂಡಿ ಒತ್ತಿ
ಉಗುರಿನ ತುಂಬ ನೀಲಿ ಹೊತ್ತು ಮನೆಗೆ ಬಂದರೆ
ಅಣ್ಣನ ಮಗ ಎರ್ರಿಸ್ವಾಮಿ ಕಂಪ್ಯೂಟರಿನ ಮುಂದೆ
ಯಾವುದೋ ರಾಜ್ಯ ಉಳಿಸ್ತಾ ಕೂತಿರ್ತಾನೆ.
ಸೆಕೆಂಡ್‌ಹ್ಯಾಂಡ್ ಡಬ್ಬ, ಅದರ ಬಿಸಿ,
ಕೋಟೆಗುಡ್ಡದ ಬಂಡೆ ರಾತ್ರಿಯಿಡೀ ಉಗುಳೋ ಬಿಸಿ,
ಕೂಲರಿನ ನರಳಾಟ.
ನಾನೂ ಚಾಪೆ ಎಳಕೊಂಡು
ಮಂಡಕ್ಕಿ ಬೋಗುಣಿ ಮಡಿಲಲ್ಲಿಟ್ಟು ಕೂರ್ತೀನಿ.

ಈಗೇನಪ್ಪಾ?
ಈಗ ಪ್ರೀತಿ, ಅತ್ತೆ. ಬಿಡಾರದಾಗೆ ಐದು ಮಂದಿ ಅದಾರೆ.
ಯಾರನ್ನ ಬೇಕಾದ್ರೂ ಒಲಿಸಿಕೋಬಹುದು.

ಹೋದ ವರ್ಷ ನಂಗೆ ಎರಡನೇ ಸಂಬಂಧ ತಂದ
ಬ್ರೋಕರ್ ಗಾದಿಲಿಂಗಪ್ಪ ಫೋಟೊ ಹರವಿದ ಹಂಗೆ
ಒಬ್ಬೊಬ್ಬರನ್ನೇ ತೋರಿಸಿದ:
ಕತ್ತಿಯವಳು. ಚೂಪು ಕಿವಿಯ ಬಿಲ್ಲುಗಾರ.
ಕೋಡಿರೋ ಹುಡುಗಿ, ಮೈಯೆಲ್ಲ ಕೆಂಡದ ಬಣ್ಣ.
ಮಂತ್ರ ಬಲ್ಲವನು, ಮಾತಿಗೊಂದು ನಿಟ್ಟುಸಿರು.
ಐದನೆಯವನು ರಾತ್ರಿ ತೋಳ ಆಗ್ತಾನಂತೆ.

ಎಷ್ಟು ಥರ ನೋಡು ಅತ್ತೆ, ಅಂದ. ನೋಡಿದೆ.
ಕೋಡು ಬೇರೆ, ಕಿವಿ ಬೇರೆ, ಬಾಲ ಬೇರೆ.
ಸೊಂಟ ಮಾತ್ರ ಐವರದೂ
ನಮ್ಮ ಯೂನಿಟ್ಟಿನ ಇಪ್ಪತ್ತೆಂಟರ ಸೈಜು.
ತೋಳದ ಹಲ್ಲು ಕೂಡ ಪೇಸ್ಟಿನ ಜಾಹೀರಾತಿನದು.

ಆ ಬಿಲ್ಲುಗಾರಂಗೆ ಮುನ್ನೂರು ವರ್ಷ ಅತ್ತೆ!
ಮುನ್ನೂರು ವರ್ಷಕ್ಕೆ ಒಂದು ನರೆಗೂದಲು ಬೇಡವೇನೋ,
ಒಂದಾದರೂ ಮಂಡಿ ನೋಯಬೇಡವೇನೋ?

ಗಂಡು ಗಂಡನ್ನ, ಹೆಣ್ಣು ಹೆಣ್ಣನ್ನ ಮೆಚ್ಚಬಹುದಂತೆ,
ಅಲ್ಲಿ ಯಾವ ಹಿರೀಕರೂ ಕೆಮ್ಮೋದಿಲ್ಲವಂತೆ.
ಅದು ನಂಗೆ ಹಿಡಿಸಿತು.
ಹೊಲಿಗೆಯ ಮೌಲಾಬಿ, ಇಸ್ತ್ರಿಯ ಪಾರ್ವತೆಮ್ಮ
ಹನ್ನೊಂದು ವರ್ಷದಿಂದ ಒಂದೇ ಡಬ್ಬಿಯಾಗೆ ಉಣ್ಣೋದನ್ನ
ನೋಡೀನಿ,
ನೋಡಿ, ತಲೆ ತಗ್ಗಿಸಿ ಗುಂಡಿ ಒತ್ತೀನಿ.

ಆದರೆ ಒಲಿಸೋ ದಾರಿ ಎಲ್ಲರಿಗೂ ಒಂದೇ.
ಹೂವು ಕೊಡು, ಒಂದು ಹೃದಯ ತುಂಬ್ತದೆ.
ಅವರು ಅಂದದ್ದಕ್ಕೆಲ್ಲ ಹೌದೌದು ಅನ್ನು, ಇನ್ನೊಂದು.
ಆರು ತುಂಬಿದರೆ ದೀಪ ಆರ್ತದೆ.
ನಂದು ತಿರುವುಮುರುವು:
ಮೊದಲ ರಾತ್ರಿಯೇ ದೀಪ ಆರಿತು, ಹೃದಯದ ಲೆಕ್ಕ ಆಮೇಲೆ.
ಎರಡು ತುಂಬೋದರೊಳಗೆ
ಅವರು ಹೋಗೇಬಿಟ್ಟರು.

ಬಿಡಾರದ ಅಂಚಿಗೆ ಇನ್ನೊಬ್ಬ ಕೂತಿದ್ದ.
ಗುರಾಣಿಯ ಸೊಟ್ಟ ತಿದ್ದುವವನು. ಬೋಳುತಲೆ.
ಎಡಗೈಗೆ ಎರಡು ಬೆರಳಿಲ್ಲ.
ಹೊಟ್ಟೆ, ಪಾತ್ರೆ ಮೀರಿ ಉಬ್ಬಿದ ಹಿಟ್ಟು.
ಇವನು?
ಅವಂಗೆ ಹೃದಯದ ಗುರುತಿಲ್ಲ ಅತ್ತೆ. ಅವನು ರಿಪೇರಿಗೆ.
ಮಾತಾಡಿಸು.
ಏನೂ ಆಗಲ್ಲ ಅತ್ತೆ.
ಆಗದಿದ್ದರೇನು, ಮಾತಾಡಿಸು.

ಅವನ ಹತ್ತಿರ ಇದ್ದದ್ದು ಮೂರೇ ಮಾತು, ಇಂಗ್ಲಿಷಿನವು,
ಎರ್ರಿ ತಿರುಗಿಸಿ ಹೇಳಿದ.
ಏನು ಮುರಿದಿದೆ?
ಮತ್ತೆ ಒತ್ತಿದರೆ: ಬೆಳಗಾಗೋದರೊಳಗೆ ಆಗ್ತದೆ.
ಮತ್ತೆ ಒತ್ತಿದರೆ:
ಬೆಂಕಿ ಹತ್ತಿರ ಕೂತ್ಕೊ, ಇಲ್ಲಿ ಚಳಿ.

ಎರ್ರಿ ನಕ್ಕ, ಬಿದ್ದು ಬಿದ್ದು ನಕ್ಕ.
ನಾನು ಸೆರಗಿನಿಂದ ಕುತ್ತಿಗೆಯ ಬೆವರು ಒರೆಸಿಕೊಂಡೆ.
ಬಳ್ಳಾರಿಯ ಮೇ ತಿಂಗಳಲ್ಲಿ, ನಲವತ್ತಮೂರು ಡಿಗ್ರಿಯಲ್ಲಿ,
ಒಬ್ಬ ಗಂಡಸು
ನಂಗೆ ಚಳಿ ಆದೀತು ಅಂತ ಯೋಚಿಸಿದ್ದ.

ಎರ್ರಿ ಕೋಡಿನ ಹುಡುಗಿಯನ್ನೇ ಆರಿಸಿಕೊಂಡ. ಸುಖವಾಗಿರಲಿ.
ಅವನು ಮಾಳಿಗೆ ಮೇಲೆ ಮಲಗೋಕೆ ಹೋದ ಮೇಲೆ
ನಾನು ಹಿಂದಿನ ಬಾಗಿಲು ಸರಿಸಿ ಬಂದು ಕೂರ್ತೀನಿ.
ಗುಂಡಿ ಒತ್ತೋದು ನಂಗೆ ಯಾರೂ ಕಲಿಸಬೇಕಿಲ್ಲ:
ಇದು ನಡೆಯೋಕೆ, ಇದು ಹೊಡೆಯೋಕೆ.
ಗಟ್ಟಿಮುಟ್ಟಾದ ಒಂದು ಗುರಾಣಿ ತಗೊಂಡು
ಬಂಡೆಗೆ ಬಡಿದು ಬಡಿದು ಸೊಟ್ಟ ಮಾಡಿ
ಅವನ ಹತ್ತಿರ ಒಯ್ತೀನಿ.

ಬೆಳಗಾಗೋದರೊಳಗೆ ಆಗ್ತದೆ, ಅಂತಾನೆ.
ಅವಸರ ಇಲ್ಲ ಅನ್ನೋಣ ಅಂದ್ರೆ
ಅಲ್ಲಿ ಅದಕ್ಕೆ ಗುಂಡಿ ಇಲ್ಲ.