ತೊಂಬತ್ತು ಸಿ.ಸಿ.

ಗಾಳಿಗೆ ಬಿದ್ದ ಮ್ಯಾಕ್ರೊಕಾರ್ಪ ಬೇಲಿಗಡ್ಡ ಮಲಗಿತ್ತು.
ಹಲಗೆ ಕೊಯ್ಯುವವನು ಹೇಳಿದ ಕೂಲಿಗೆ
ಇನ್ನೊಂದು ಮರವನ್ನೇ ಕೊಳ್ಳಬಹುದಿತ್ತು.
ಹಾಗಾಗಿ ಹೊಕಿಟಿಕಾದಾಚೆ, ಜಲ್ಲಿರಸ್ತೆ ಮುಗಿಯುವಲ್ಲಿ,
ಡೂಗಲ್‌ನ ಶೆಡ್ಡಿಗೆ ಹೋದೆ.

ಬೆಂಚಿನ ಮೇಲೆ ಎರಡು ಗರಗಸ.
ಒಂದಕ್ಕೆ ಹೊಸ ಕಿತ್ತಳೆ ಬಣ್ಣ, ನಿಬ್ಬಣಕ್ಕೆ ಹೊರಟ ಹಾಗೆ.
ಇನ್ನೊಂದು ನನಗಿಂತ ಎರಡು ವರ್ಷ ಹಿರಿದು,
ಹಿಡಿಗೆ ಸೈಕಲ್ ಟ್ಯೂಬಿನ ಸುತ್ತು.
"ಸೌದೆಗಾದರೆ ಯಾವುದೂ ನಡೆದೀತು," ಅಂದ,
"ಉದ್ದಕ್ಕೆ ಸೀಳುವುದೇ ಬೇರೆ.
ಟ್ಯಾಂಕು ಬರಿದಾಗುವ ತನಕ ಅದುಮಿಯೇ ಹಿಡಿಯಬೇಕು.
ತೊಂಬತ್ತು ಸಿ.ಸಿ. ಇಲ್ಲದ್ದು ಉಬ್ಬಸ ಬಂದು ಸಾಯುತ್ತದೆ."

ಎಳೆಯುವ ಹಗ್ಗದಲ್ಲೇ ತೂಗಿಬಿಟ್ಟು ನೋಡಿದೆ.
ಬಣ್ಣದ್ದು ಸರ್ರನೆ ಜಾರಿತು.
ಹಳತು ಇಳಿಯಿತು ನಿಂತು,
ನಿಂತು,
ಮಂಡಿನೋವಿನ ಮುದುಕಿ ಮೆಟ್ಟಿಲಿಳಿದಂತೆ.
ಸೈಲೆನ್ಸರ್ ಬಿಚ್ಚಿ ಟಾರ್ಚು ಬಿಟ್ಟೆ:
ಪಿಸ್ಟನ್ ಮೇಲೆ ಒಂದು ಗೀರಿಲ್ಲ.

"ಇಂಥದನ್ನು ಯಾಕೆ ಮಾರುತ್ತೀರಿ?"
ಕೈಯೆತ್ತಿ ತೋರಿಸಿದ. ಬೆರಳ ತುದಿಗಳು ಮೇಣದ ಬಿಳುಪು.
ನಡುಕ ಹೀರುವ ಸ್ಪ್ರಿಂಗು ಅದಕ್ಕಿಲ್ಲ;
ಮೂವತ್ತು ವರ್ಷ ಅವನ ಮೂಳೆಯೇ ಹೀರಿತ್ತು.
"ಹತ್ತು ನಿಮಿಷಕ್ಕೊಮ್ಮೆ ಕೆಳಗಿಡು.
ಮರ ಎಲ್ಲಿಗೂ ಎದ್ದು ಹೋಗುವುದಿಲ್ಲ."

ನಾನೂರೈವತ್ತು ಡಾಲರ್. ಚೌಕಾಸಿಗೆ ಮಾತು ಕಟ್ಟಿಕೊಂಡೇ ಬಂದಿದ್ದೆ.
ನೋಟು ಒಂದೋ ಎರಡೋ ಬೆರಳಿಗೆ ತಿಳಿಯದೆ
ಕಟ್ಟನ್ನು ನನ್ನತ್ತಲೇ ನೂಕಿದ: "ನೀನೇ ಎಣಿಸು."
ಎಣಿಸಿದೆ, ಗಟ್ಟಿಯಾಗಿ, ಕೊನೆಯ ಹತ್ತರವರೆಗೆ.

ಕಿತ್ತಳೆ ಬಣ್ಣದ್ದು ಮರುವಾರ
ಆರುನೂರಕ್ಕೆ ಹೋಯಿತಂತೆ.