ಒಂದು ಮಾರು ರೆಕ್ಕೆ

ಹಿನ್ನೀರು ಹೆಪ್ಪುಗಟ್ಟಿದೆ. ಕ್ಲೈಪೆಡದ ದೋಣಿಕಟ್ಟೆಯಲ್ಲಿ
ಹಲಗೆ ಬಡಿದಿದ್ದಾರೆ: ಮುಂದಿನ ಸೂಚನೆಯವರೆಗೆ ಇಲ್ಲ.
ಆಚೆ ದಡದ ಶಾಲೆಯಲ್ಲಿ ಕಿವಿ ಕೇಳದ ಏಳು ಮಕ್ಕಳು,
ಈಚೆ ನಮ್ಮ ಅಡುಗೆಮನೆಯಲ್ಲಿ ಅವರ ಕಥೆಯ ಟೀಚರು,
ನನ್ನ ಹೆಂಡತಿ ಔಡ್ರೊನೆ. ಅವಳಿಗೂ ಕೇಳಿಸದು.
ನಡುವೆ, ಲ್ಯಾಪ್‌ಟಾಪಿನ ನೆತ್ತಿ ಕಚ್ಚಿಕೊಂಡ ವೆಬ್‌ಕ್ಯಾಮು,
ಮೆಣಸುಕಾಳಿನಷ್ಟು ಕಣ್ಣು.

ಸೋಮವಾರ ಕೊಕ್ಕರೆಯ ಕಥೆ.
ಕೊಕ್ಕರೆ ಎದ್ದಿತು, ಕತ್ತು ಚಾಚಿತು, ರೆಕ್ಕೆ ಬಿಚ್ಚಿತು.
ಪರದೆಯಲ್ಲಿ ಮೊಣಕೈವರೆಗೆ ಮಾತ್ರ ಹಕ್ಕಿ.
ಯೋರಿಸ್ ಎಂಬ ಹುಡುಗ ಕೈಯೆತ್ತಿದ:
ಅದರ ರೆಕ್ಕೆ ಯಾರು ಕೊಯ್ದರು?

ಡಬ್ಬಿಯ ಮೇಲೆ ಅಚ್ಚಾಗಿದೆ: ಅರವತ್ತೆಂಟು ಡಿಗ್ರಿ.
ನಾನು ಬಡಗಿ. ಅಚ್ಚಾದದ್ದನ್ನು ನಂಬಿ ಬಾಗಿಲು ಕೂರಿಸಿದವನಲ್ಲ.
ಗೋಡೆಗೆ ಅಡ್ಡಡ್ಡ ಟೇಪು ಬಿಗಿದೆ,
ಗಾಜಿನಿಂದ ಗೋಡೆಗೆ ಸರಿಯಾಗಿ ಒಂದು ಮೀಟರು,
ಪರದೆ ನೋಡುತ್ತಾ ಪೆನ್ಸಿಲನ್ನು ಎಡಕ್ಕೆ ಸರಿಸುತ್ತಾ ಹೋದೆ
ಅದು ಮಾಯವಾಗುವವರೆಗೆ. ಅಲ್ಲೊಂದು ಗೀಟು.
ಬಲಕ್ಕೆ ಮಾಯವಾದಲ್ಲಿ ಇನ್ನೊಂದು.
ನಡುವೆ ನೂರ ಹದಿನೆಂಟು ಸೆಂಟಿಮೀಟರು.

ಟ್ಯಾಂಜೆಂಟು ಗೀಂಜೆಂಟು ಶಾಲೆಯ ಹಿತ್ತಿಲಲ್ಲೇ ಬಿಟ್ಟುಬಂದವನು;
ಪ್ಲೈವುಡ್ಡಿನ ಮೇಲೆ ಹತ್ತಕ್ಕೊಂದರಂತೆ ತ್ರಿಕೋನ ಎಳೆದು
ಕೋನಮಾಪಕ ಇಟ್ಟೆ. ಅರವತ್ತೊಂದು.
ಮಿಕ್ಕ ಏಳು ಎಲ್ಲಿ ಹೋಯಿತು?
ಡಬ್ಬಿಯವರು ಮೂಲೆಯಿಂದ ಮೂಲೆಗೆ ಓರೆಯಾಗಿ ಅಳೆದಿದ್ದಾರೆ.
ಯಾವ ಕೊಕ್ಕರೆಯೂ ಹಾಗೆ ಹಾರುವುದಿಲ್ಲ.

ಅವಳ ತೋಳು ಚಾಚಿಸಿ ಮಾರು ಅಳೆದೆ, ನೂರ ಅರವತ್ತು.
ಅಂಗಿಗೆ ಅಳತೆ ಕೊಡುವವಳಂತೆ ನಗುತ್ತಾ ನಿಂತಿದ್ದಳು.
ತ್ರಿಕೋನದ ಗೀಟುಗಳನ್ನು ಇನ್ನಷ್ಟು ಎಳೆದೆ
ಆ ಮಾರು ಹಿಡಿಸುವವರೆಗೆ:
ನೂರ ಮೂವತ್ತಾರರಲ್ಲಿ, ನೆಲಕ್ಕೆ ಸೀಮೆಸುಣ್ಣದ ಗೆರೆ.

ಬುಧವಾರ ಕೊಕ್ಕರೆ ಇಡಿಯಾಗಿ ಹಾರಿತು.
ಏಳೂ ಮಕ್ಕಳು ಕೈ ಮೇಲೆತ್ತಿ ಬೆರಳು ಅಲುಗಿಸಿದರು,
ಅವರ ಚಪ್ಪಾಳೆ. ನಾನು ಬೀಗಿದೆ.
ಆಗ ಮತ್ತೆ ಯೋರಿಸ್:
ಟೀಚರ್, ಈಗ ಅಂದದ್ದು ಹೇಳಿದ್ದೋ, ಕೇಳಿದ್ದೋ?

ಹತ್ತೊಂಬತ್ತು ವರ್ಷ ಸಂಸಾರ ಮಾಡಿಯೂ
ನನಗೆ ಹೊಳೆಯಲು ಹೊತ್ತು ಹಿಡಿಯಿತು.
ಕೊಕ್ಕರೆ ಗೂಡಿಗೆ ಬಂತು.
ಕೊಕ್ಕರೆ ಗೂಡಿಗೆ ಬಂತೇ?
ಕೈಗೆ ಎರಡೂ ಒಂದೇ.
ಆ ಏಕಾರ ಅವಳ ಹುಬ್ಬಿನ ಮೇಲೆ ಕೂತಿರುತ್ತದೆ;
ನೂರ ಮೂವತ್ತಾರರಲ್ಲಿ ಅದು ಇರುವೆಯ ಕಾಲು.

ಹತ್ತಿರ ಬಂದರೆ ರೆಕ್ಕೆಯಿಲ್ಲ, ಹಿಂದೆ ಸರಿದರೆ ಪ್ರಶ್ನೆಯಿಲ್ಲ.
ಇನ್ನೂ ಅಗಲದ ಕಣ್ಣು ಕೊಳ್ಳೋಣವೆಂದೆ.
ರೆಕ್ಕೆ ಹಿಡಿಸಿದ ಮೇಲೆ ಮುಖ ಅಷ್ಟೇ ಸಣ್ಣದು ಎಂದಳು,
ಎರಡು ಬೆರಳ ನಡುವೆ ಗಾಳಿ ಹಿಸುಕಿ.

ಸ್ಟೂಲಿಗೆ ಗಾಲಿ ಹಾಕಿದೆ. ನೆಲಕ್ಕೆ ಈಗ ಎರಡು ಗೆರೆ.
ಅವಳು ಗೆರೆ ನೋಡುವುದೇ ಇಲ್ಲ;
ಕಾಲಲ್ಲಿ ನೆಲವ ನೂಕಿ ಹಿಂದಕ್ಕೆ ಹಾರುತ್ತಾಳೆ,
ಹುಬ್ಬೇರಿಸಿಕೊಂಡು ಮುಂದಕ್ಕೆ ತೇಲಿಬರುತ್ತಾಳೆ.

ಒಂದು ಗಾಲಿ ಕಿರುಗುಟ್ಟುತ್ತದೆ. ಎಣ್ಣೆ ಬಿಡಬೇಕು.
ಆ ಕಥೆಯಲ್ಲಿ ಸದ್ದೆಂಬುದು ಅದೊಂದೇ,
ಕೇಳುವವನು ನಾನೊಬ್ಬನೇ.
ಬಿಟ್ಟಿಲ್ಲ ಇನ್ನೂ.